ಬಿ.ಆರ್ಕ್ ಸ್ಟುಡಿಯೊದ ಬಿಗಿ ಹೀಗೇ ಇರಬೇಕೇ?

ಪರ: ಇಷ್ಟು ಶ್ರಮ ಬೇಕೇ ಬೇಕು

ನಾಟಾ ಪ್ರವೇಶ ಪರೀಕ್ಷೆ, ಪಿಯುಸಿ ಅಂಕ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ರ‍್ಯಾಂಕ್ ಎಲ್ಲ ದಾಟಿ ಸೀಟು ಹಿಡಿದವರಿಗೆ ನಿಜವಾದ ಪೈಪೋಟಿ ಎದುರಾಗುವುದು ಸ್ಟುಡಿಯೊದಲ್ಲಿ, ಅಂದರೆ ಕಟ್ಟಡದ ವಿನ್ಯಾಸ ಮಾಡುತ್ತಲೇ ಕಲಿಯುವ ತರಗತಿಯಲ್ಲಿ. ಬಿ.ಆರ್ಕ್ ಎಂದರೆ ವಾಸ್ತುಶಿಲ್ಪದ ಪದವಿ, ಐದು ವರ್ಷದ ಕೋರ್ಸು. ತರಬೇತಿಗೆ ಹೋಗುವ ಅವಧಿ ಬಿಟ್ಟರೆ ಪ್ರತಿ ಸೆಮಿಸ್ಟರಿಗೂ ಡಿಸೈನ್, ಅದರ ಬೆನ್ನಿಗೇ ಜ್ಯೂರಿ, ಅಂದರೆ ಪರೀಕ್ಷಕರೆದುರು ವಿನ್ಯಾಸ ಮಂಡಿಸುವ ಪರೀಕ್ಷೆ.

ಇದು ಅತಿಯಾಯಿತು ಎನ್ನುವವರು ಒಂದು ಮೆಟ್ಟಿಲನ್ನು ಕೂರಿಸಿ ನೋಡಲಿ. ಮಹಡಿಯ ಎತ್ತರ 3 ಮೀಟರ್. ರೈಸರ್ (ಒಂದೊಂದು ಮೆಟ್ಟಿಲಿನ ಎತ್ತರ) 150 ಮಿ.ಮೀ. ಎಂದಿಟ್ಟರೆ ಒಟ್ಟು 20 ರೈಸರ್. ಅರ್ಧಕ್ಕೆ ತಿರುಗುವ ಮೆಟ್ಟಿಲಿನ ಒಂದೊಂದು ಫ್ಲೈಟಿಗೆ (ತಿರುವಿನವರೆಗಿನ ಮೆಟ್ಟಿಲ ಸಾಲು) 10 ರೈಸರ್, 9 ಟ್ರೆಡ್ (ಕಾಲಿಡುವ ಜಾಗ). ಟ್ರೆಡ್ 300 ಮಿ.ಮೀ. ಎಂದರೆ ಫ್ಲೈಟಿಗೇ 2.7 ಮೀಟರ್ ಹೋಯಿತು. ಅದರ ಜೊತೆಗೆ ತಿರುವಿನಲ್ಲಿ 1.5 ಮೀಟರಿನ ಲ್ಯಾಂಡಿಂಗ್, ಒಟ್ಟು 4.2 ಮೀಟರ್. ಪ್ಲಾನಿನಲ್ಲಿ 3.5 ಮೀಟರ್ ಮಾತ್ರ ಬಿಟ್ಟಿದ್ದರೆ 70 ಸೆಂ.ಮೀ. ಸಾಲದು. ಹಿಗ್ಗಿಸಲು ಹೋದರೆ ಪಕ್ಕದ ಶೌಚಾಲಯ ಸರಿಯಬೇಕು. ಸರಿದರೆ ಕೆಳಮಹಡಿಯ ಪೈಪುಗಳ ಡಕ್ಟಿನ ನೇರ ತಪ್ಪುತ್ತದೆ, ಇಲ್ಲವೇ ಕಾಲಂ ಅಡ್ಡ ನಿಲ್ಲುತ್ತದೆ. ಪಾಠ ಕೇಳಿ ಇದು ಬರುವಂಥದ್ದಲ್ಲ. ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿ ನೋಡಿದಂತೆ ಬರೆದ ನಕ್ಷೆ), ಮಾಡೆಲ್ ಮೂರನ್ನೂ ಅಳಿಸಿ ಬರೆದು, ಕಿತ್ತು ಅಂಟಿಸಿದಾಗಲೇ ಕೈಗೆ ಹತ್ತುತ್ತದೆ. ಅದಕ್ಕೆ ತಾಸುಗಟ್ಟಲೆ ಕೂರಲೇಬೇಕು.

ಜ್ಯೂರಿಯ ಖಾರವೂ ಬೇಕು. ಹೊರಗಿನಿಂದ ಬಂದವರು ‘ಗಾಲಿಕುರ್ಚಿಯವರು ಎಲ್ಲಿಂದ ಒಳಗೆ ಬರುತ್ತಾರೆ?’ ಎಂದು ಎಲ್ಲರೆದುರು ಕೇಳಿದರೆ, 450 ಮಿ.ಮೀ. ಎತ್ತರದ ಪ್ಲಿಂತಿಗೆ (ಕಟ್ಟಡದ ನೆಲಗಟ್ಟು) 1:12ರ ಇಳಿಜಾರಿನಲ್ಲಿ 5.4 ಮೀಟರ್ ರ‍್ಯಾಂಪ್ ಬೇಕೆಂಬುದು ಮತ್ತೆಂದೂ ಮರೆಯುವುದಿಲ್ಲ. ಪೈಪೋಟಿಯಿಂದ ಸಿಗುವುದೂ ಇದೆ: ಒಂದೇ ಸೈಟಿಗೆ ಸಹಪಾಠಿಗಳು ಕಂಡುಕೊಂಡ ಬೇರೆ ಬೇರೆ ದಾರಿಗಳು ಪಿನ್-ಅಪ್ ದಿನ ಗೋಡೆಯ ಮೇಲಿರುತ್ತವೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಣಿಯಾಗಿ ನಕ್ಷೆಗೆ ಸಹಿ ಹಾಕುವವರು ಇದನ್ನೆಲ್ಲ ಕಲಿತೇ ಹೊರಬರಬೇಕು.

ವಿರೋಧ: ಶ್ರಮವಿರಲಿ, ನಿದ್ದೆಗೇಡು ಬೇಡ

ಮೆಟ್ಟಿಲಿನ ಲೆಕ್ಕಕ್ಕೆ ಶ್ರಮ ಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಜ್ಯೂರಿಯ ಹಿಂದಿನ ರಾತ್ರಿ ಯಾರೂ ಮೆಟ್ಟಿಲು ತಿದ್ದುತ್ತಿರುವುದಿಲ್ಲ. ರೆಂಡರಿಗೆ (ಕಟ್ಟಡದ ಬಣ್ಣದ ಚಿತ್ರ) ಮರ, ಮನುಷ್ಯರನ್ನು ಅಂಟಿಸುತ್ತಿರುತ್ತಾರೆ, ಮಾಡೆಲಿಗೆ ಸನ್‌ಬೋರ್ಡ್ ಕತ್ತರಿಸುತ್ತಿರುತ್ತಾರೆ. ಮೊಂಡಾದ ಬ್ಲೇಡಿಗೆ ಒತ್ತಡ ಹೆಚ್ಚು ಬೇಕು. ನಿದ್ದೆಗಣ್ಣಿನಲ್ಲಿ ಒತ್ತಿದರೆ ಅದು ಸ್ಟೀಲ್ ಸ್ಕೇಲು ಹತ್ತಿ ಬೆರಳಿಗೆ ಇಳಿಯುತ್ತದೆ. ಅವಸರದಲ್ಲಿ ಫೆವಿಕಾಲ್ ಬಿಟ್ಟು ಫೆವಿಬಾಂಡ್ ಹಚ್ಚಿದರೆ ಥರ್ಮಕೋಲ್ ಕರಗಿ ಗುಂಡಿ ಬೀಳುತ್ತದೆ. ಬೆಳಿಗ್ಗೆ ಪ್ರಿಂಟ್ ಅಂಗಡಿಯಲ್ಲಿ ಸರದಿ. ‘ಫಿಟ್ ಟು ಪೇಜ್’ ಒತ್ತಿ ತೆಗೆದ ಹಾಳೆ 1:100ಕ್ಕೆ ಅಳೆದರೆ ತಾಳೆಯಾಗುವುದಿಲ್ಲ. ಇದರಲ್ಲಿ ಯಾವುದೂ ವಿನ್ಯಾಸದ ಕಲಿಕೆಯಲ್ಲ.

ಮೂಲ ತಪ್ಪು ವೇಳಾಪಟ್ಟಿಯಲ್ಲಿದೆ. ಕೊನೆಯ ವಾರದಲ್ಲೂ ‘ಪ್ಲಾನ್ ಬದಲಿಸಿ’ ಎಂಬ ಸಲಹೆ ಬರುತ್ತದೆ, ಅಂಕದ ಭಾರವೆಲ್ಲ ಒಂದೇ ದಿನದ ಮೇಲೆ ಬೀಳುತ್ತದೆ. ಜ್ಯೂರಿಯ ಲೆಕ್ಕ ಮಾಡಿ: 40 ಮಂದಿಗೆ ತಲಾ 15 ನಿಮಿಷವೆಂದರೆ 10 ತಾಸು. ಹಾಗಾಗಿ ಊಟದ ನಂತರ 15 ನಿಮಿಷ 5ಕ್ಕೆ ಇಳಿಯುತ್ತದೆ, ದಣಿದ ಕಣ್ಣು ಸೆಕ್ಷನ್ ಓದದೆ ಬಣ್ಣ ನೋಡುತ್ತದೆ. ಲೇಸರ್ ಕಟಿಂಗ್‌ಗೆ, ಎ1 ಕಲರ್ ಪ್ರಿಂಟಿಗೆ ದುಡ್ಡಿದ್ದವರು ಆಗ ಮುಂದೆ. ಇದನ್ನು ಪ್ರತಿಭೆಯ ಪೈಪೋಟಿ ಎನ್ನುವುದು ಅನ್ಯಾಯ.

ಅಮೆರಿಕದಲ್ಲಿ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಘಟನೆಯೇ 2002ರಲ್ಲಿ ಸ್ಟುಡಿಯೊ ಸಂಸ್ಕೃತಿಯ ಬಗ್ಗೆ ವರದಿ ತಂದಿತು. ಆಮೇಲೆ ಅಲ್ಲಿನ ಮಾನ್ಯತಾ ಮಂಡಳಿ ಪ್ರತಿ ಕಾಲೇಜಿಗೂ ಈ ವಿಷಯದಲ್ಲಿ ಲಿಖಿತ ನೀತಿ ಬೇಕೆಂದಿತು. ಇಲ್ಲಿ ಅಷ್ಟಕ್ಕೂ ಕಾಯಬೇಕಿಲ್ಲ. ಜ್ಯೂರಿಗೆ ಹತ್ತು ದಿನ ಮೊದಲು ಡಿಸೈನ್ ಲಾಕ್ ಮಾಡಿ, ಆಮೇಲೆ ಬರೀ ಡ್ರಾಯಿಂಗ್ ಕೆಲಸ. ಸೈಟ್ ಅಧ್ಯಯನ, ಕಾನ್ಸೆಪ್ಟ್, ಪ್ಲಾನ್-ಸೆಕ್ಷನ್‌ಗಳಿಗೆ ಆಯಾ ಹಂತದಲ್ಲೇ ಅಂಕ ಕೊಡಿ. ಎ1 ಹಾಳೆ ನಾಲ್ಕಕ್ಕೆ ಮಿತಿ, ಮಾಡೆಲ್ ಮೌಂಟ್‌ಬೋರ್ಡಿನದೇ ಆಗಲಿ. ಜ್ಯೂರಿಯನ್ನು ಮೂರು ತಂಡ ಮಾಡಿದರೆ ಒಂದು ತಂಡಕ್ಕೆ ಹೆಚ್ಚೆಂದರೆ 14 ಮಂದಿ. ತಲಾ 20 ನಿಮಿಷ ಕೊಟ್ಟರೂ ಐದು ತಾಸಿನೊಳಗೆ ಮುಗಿಯುತ್ತದೆ, ಕೊನೆಯ ರೋಲ್ ನಂಬರಿನವರಿಗೂ ಮೊದಲಿನವರಷ್ಟೇ ಸಮಯ ಸಿಗುತ್ತದೆ.