‘ಸಂಬಂಧವೇ ಇಲ್ಲ’ ಅಂತೆ!

ಬೆಳಿಗ್ಗೆ ಬೆಳಿಗ್ಗೆ ತಲೆ ಕೆಟ್ಟಿದೆ. ಹೋಟೆಲ್‌ನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಟಿವಿಯಲ್ಲಿ ಒಬ್ಬರು ವಕ್ತಾರರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ‘ತೈಲ ಬೆಲೆಗೂ ಚುನಾವಣೆಗೂ ಸಂಬಂಧವೇ ಇಲ್ಲ, ಎಲ್ಲಾ ಮಾರುಕಟ್ಟೆ ನಿರ್ಧಾರ’ ಅಂದರು. ಅದೂ ನಗುನಗುತ್ತಾ!

ಮದುವೆ, ಯಾತ್ರೆಗೆ ಗಾಡಿ ಬಾಡಿಗೆಗೆ ಬಿಡೋದು ನಮ್ಮ ಕಸುಬು. ಎರಡು ಟೆಂಪೊ ಟ್ರಾವೆಲರ್, ಒಂದು ಹಳೇ ಇನ್ನೋವಾ. ಡಾಕ್ಟರು ನನ್ನ ಬಿಪಿ ಎಷ್ಟು ಅಂದರು ಅನ್ನೋದು ಮರೆತು ಹೋಗುತ್ತದೆ, ಡೀಸೆಲ್ ರೇಟು ಮರೆಯಲ್ಲ. ಈ ‘ಸಂಬಂಧವೇ ಇಲ್ಲ’ ಅನ್ನೋ ಮಾತನ್ನು ನನ್ನಂಥವನ ಮುಂದೆ ಆಡಬಾರದಿತ್ತು.

2018 ತಗೊಳ್ಳಿ. ಹಿಂದಿನ ವರ್ಷ ಜೂನ್‌ನಿಂದ ದಿನಾ ರೇಟು ಬದಲಿಸುವ ಪದ್ಧತಿ ಬಂದಿತ್ತು. ಏಪ್ರಿಲ್ 24ರ ಹೊತ್ತಿಗೆ ಅದು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಹೊರಗೆ ಕಚ್ಚಾ ತೈಲ ಏರುತ್ತಿದೆ, ಇಲ್ಲಿ ಪೈಸೆ ಅಲ್ಲಾಡುತ್ತಿಲ್ಲ. ಮೇ 12ಕ್ಕೆ ನಾವು ವಿಧಾನಸಭೆಗೆ ವೋಟು ಹಾಕಿದೆವು. ಮೇ 14ಕ್ಕೆ ರೇಟಿಗೆ ಮತ್ತೆ ಜೀವ ಬಂತು. ಎಣಿಕೆ ಇದ್ದದ್ದು 15ಕ್ಕೆ. ಅಲ್ಲಿವರೆಗೂ ತಡೆಯೋಕೆ ಆಗಲಿಲ್ಲ ಪಾಪ! ಆಮೇಲೆ 16 ದಿನ ಬಿಡದೆ ಏರಿತು. ಪೆಟ್ರೋಲ್ ಹತ್ತಿರ ಹತ್ತಿರ 4 ರೂಪಾಯಿ, ಡೀಸೆಲ್ 3 ರೂಪಾಯಿಗೂ ಜಾಸ್ತಿ. ಮೇ 30ಕ್ಕೆ ಇಳಿಸಿದರು. ಎಷ್ಟು ಗೊತ್ತಾ? ಒಂದು ಪೈಸೆ. ತಮಾಷೆ ಅಲ್ಲ, ಒಂದೇ ಒಂದು ಪೈಸೆ.

ರೇಟು ಏರಿತಲ್ಲ ಅಂತ ಅಲ್ಲ ನನ್ನ ಸಿಟ್ಟು. ಏರೋದು ಏರಲೇಬೇಕು. ಮೇ ಅಂದರೆ ನಮಗೆ ಮದುವೆ ಸೀಸನ್. ಬುಕಿಂಗ್ ಎಲ್ಲಾ ಏಪ್ರಿಲ್‌ನಲ್ಲೇ ಆಗಿರುತ್ತದೆ. ಹೆಣ್ಣಿನ ಕಡೆಯವರು ಬಂದು, ಕಿಲೋಮೀಟರಿಗೆ ಇಷ್ಟು ಅಂತ ಚೌಕಾಸಿ ಮಾಡಿ, ಧರ್ಮಸ್ಥಳ, ಸುಬ್ರಹ್ಮಣ್ಯ ಎರಡೂ ಸೇರಿಸಿ, ಅಡ್ವಾನ್ಸ್ ಕೊಟ್ಟು ಹೋಗಿರುತ್ತಾರೆ. ತಿಂಗಳು ಬಿಟ್ಟು ಅದೇ ಮನೆ ಚಪ್ಪರದ ಕೆಳಗೆ ನಿಂತು ‘ಯಜಮಾನ್ರೇ, ಡೀಸೆಲ್ ಏರಿದೆ, ಸ್ವಲ್ಪ ಜಾಸ್ತಿ ಕೊಡಿ’ ಅನ್ನೋಕಾಗುತ್ತಾ? ಒಂದ್ಸಲ ಅಂದೆ. ‘ಮಾತು ಅಂದ್ಮೇಲೆ ಮಾತು ಕಣಪ್ಪ’ ಅಂದರು. ಸರಿ ತಾನೇ ಅವರದೂ? ದಿನಾ ಹತ್ತು, ಹದಿನೈದು ಪೈಸೆ ಏರುತ್ತಾ ಬಂದಿದ್ದರೆ ಬುಕಿಂಗ್ ಹಿಡಿಯುವಾಗಲೇ ಅಂದಾಜು ಹಾಕುತ್ತಿದ್ದೆ. ಬೋರ್ಡಿನ ನಂಬರ್ ಹಿಡಿದು ನಿಲ್ಲಿಸಿದರೆ ನಾನು ಯಾವ ಲೆಕ್ಕ ಹಾಕಲಿ? ಮುಂದೂಡಿದ್ದು ಅವರು, ಕೈಯಿಂದ ಕಟ್ಟಿದ್ದು ನಾನು.

2022ರಲ್ಲಿ ಇನ್ನೂ ದೊಡ್ಡ ಆಟ. 2021ರ ನವೆಂಬರ್ 4ರ ನಂತರ ಕಂಪನಿಗಳು ರೇಟು ಮುಟ್ಟಲೇ ಇಲ್ಲ. ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಚುನಾವಣೆ. ನಡುವೆ ಉಕ್ರೇನ್ ಯುದ್ಧವೇ ಶುರುವಾಯ್ತು, ಆದರೂ ಬಂಕ್ ಬೋರ್ಡು ಶಾಂತ. ಮಾರ್ಚ್ 10ಕ್ಕೆ ಫಲಿತಾಂಶ, 22ರಿಂದ ಏರಿಕೆ, ಏಪ್ರಿಲ್ 6ರ ಹೊತ್ತಿಗೆ ಲೀಟರಿಗೆ 10 ರೂಪಾಯಿ.

‘ನೀತಿ ಸಂಹಿತೆ ಇರುತ್ತೆ ಸಾರ್, ಆ ಟೈಮಲ್ಲಿ ತೀರ್ಮಾನ ತಗೊಳ್ಳೋಕೆ ಬರಲ್ಲ’ ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಹೌದು, 2024ರಲ್ಲಿ ಹೆದ್ದಾರಿ ಟೋಲ್ ಏರಿಕೆಯನ್ನು ಚುನಾವಣಾ ಆಯೋಗವೇ ತಡೆದಿತ್ತು. ಜೂನ್ 1ಕ್ಕೆ ಕೊನೇ ಹಂತದ ಮತದಾನ, 3ಕ್ಕೆ ಟೋಲ್ ಏರಿತು. ಅದನ್ನು ಒಪ್ಪೋಣ. ಆದರೆ ದಿನಾ ತಾನಾಗಿಯೇ ಬದಲಾಗಬೇಕಾದ ಎಣ್ಣೆ ರೇಟಿಗೆ ಯಾವ ಸಂಹಿತೆ? ಅದೇ ವರ್ಷ ಲೀಟರಿಗೆ 2 ರೂಪಾಯಿ ಇಳಿಸಿದ್ದು ಮಾರ್ಚ್ 15ಕ್ಕೆ, ಚುನಾವಣೆ ಘೋಷಣೆ ಆದದ್ದು 16ಕ್ಕೆ. ಇಳಿಸುವಾಗ ಎಷ್ಟು ಚೆನ್ನಾಗಿ ಮುಹೂರ್ತ ನೋಡುತ್ತಾರೆ ನೋಡಿ!

ಇಷ್ಟು ಓದಿ ಒಂದು ಪಕ್ಷದವರು ಖುಷಿಪಡುತ್ತಿದ್ದೀರಿ, ಗೊತ್ತು. ತಡೀರಿ. ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂತಲ್ಲ, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು 14.34ರಿಂದ 18.44 ಪರ್ಸೆಂಟಿಗೆ ಏರಿಸಿತು. ಮೂರು ರೂಪಾಯಿಗೂ ಜಾಸ್ತಿ ಒಂದೇ ಏಟಿಗೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ ಅಂತ ಸಮಜಾಯಿಷಿ ಬೇರೆ. ಏಪ್ರಿಲ್‌ನಲ್ಲಿ ವೋಟು ಕೇಳೋಕೆ ಬಂದಾಗ ಪಕ್ಕದ ರಾಜ್ಯ ನೆನಪಿಗೆ ಬಂದಿರಲಿಲ್ಲವಾ?

ಇನ್ನು ‘ಜನರೇ ಹಾಗೆ, ಬೆಲೆ ಏರಿಸಿದರೆ ಸೋಲಿಸುತ್ತಾರೆ’ ಅನ್ನೋ ವಾದ. ಇದು ಸ್ವಲ್ಪ ಚುಚ್ಚುತ್ತದೆ. 2022ರ ಫಲಿತಾಂಶದ ಮುಂಚೆ ನಮ್ಮ ಬಂಕ್ ಹುಡುಗ ‘ಅಣ್ಣಾ, ಹತ್ತಕ್ಕೆ ರಿಸಲ್ಟು, ಫುಲ್ ಮಾಡಿಸ್ಕೊಂಡ್ಬಿಡಿ’ ಅಂದಿದ್ದ. ಮೂರೂ ಗಾಡಿಗೆ ಫುಲ್ ಮಾಡಿಸಿದೆ. ರೇಟು ನಿಂತಿದ್ದ ಅಷ್ಟೂ ದಿನ ನಾನು ಯಾರನ್ನೂ ಬೈದಿರಲಿಲ್ಲ, ಒಳಗೊಳಗೇ ಖುಷಿಯಾಗಿದ್ದೆ. ಆದರೂ ಕೇಳುತ್ತೇನೆ: ಬಂಕ್ ಹುಡುಗನಿಗೆ ಕ್ಯಾಲೆಂಡರ್ ನೋಡಿ ಗೊತ್ತಾಗುವ ಸಂಬಂಧ ಟಿವಿಯಲ್ಲಿ ಕೂತವರಿಗೆ ಗೊತ್ತಾಗಲ್ವಾ? ‘ಹೌದ್ರೀ, ವೋಟಿಗೋಸ್ಕರ ತಡೆದ್ವಿ’ ಅಂತ ಒಬ್ಬರಾದರೂ ಅಂದುಬಿಡಲಿ, ಕಾಫಿ ಕೊಡಿಸುತ್ತೇನೆ.

ಎಣ್ಣೆ ಬಿಡಿ. 2015ರಲ್ಲಿ ಮನೆಮನೆಗೆ ಬಂದು ಜಾತಿ ಬರೆದುಕೊಂಡು ಹೋದರಲ್ಲ, ಆ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿ 29ಕ್ಕೆ. ಲೋಕಸಭೆ ಚುನಾವಣೆ ಮುಗಿದು ಸಂಪುಟದ ಮುಂದೆ ಬರೋಕೆ 2025ರ ಏಪ್ರಿಲ್ ಆಯ್ತು. ಬೆಂಗಳೂರಿನ ಪಾಲಿಕೆಯದಂತೂ ಇನ್ನೊಂದು ಕಥೆ. 2020ರಲ್ಲೇ ಅವಧಿ ಮುಗಿದರೂ ವರ್ಷಗಟ್ಟಲೆ ಎಲೆಕ್ಷನ್ನನ್ನೇ ಮುಂದೂಡಿದರು. ‘ಎಲೆಕ್ಷನ್ ಮುಗೀಲಿ’ ಅನ್ನೋ ನೆಪಕ್ಕೂ ಅಲ್ಲಿ ಗತಿಯಿರಲಿಲ್ಲ.

ನಾನೀಗ ಬುಕಿಂಗ್ ರಸೀದಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿದ್ದೇನೆ: ‘ಪ್ರಯಾಣಕ್ಕೆ ಮೊದಲು ಚುನಾವಣೆ ಮುಗಿದರೆ ಡೀಸೆಲ್ ವ್ಯತ್ಯಾಸ ಪಾರ್ಟಿಯವರದು.’ ಮೊನ್ನೆ ಒಬ್ಬರು ಅದನ್ನು ಓದಿ ‘ಯಾವ ಪಾರ್ಟಿ ಸ್ವಾಮಿ?’ ಅಂದರು. ಮದುವೆ ಪಾರ್ಟಿ ಅಂದೆ. ಆ ಇನ್ನೊಂದು ಪಾರ್ಟಿಗಳು ಯಾವತ್ತು ಕಟ್ಟಿದ್ದಾವೆ?