ನ್ಯೂಗ್ರೇಂಜ್‌ನ ಪಹಣಿ ಯಾರ ಹೆಸರಲ್ಲಿದೆ?

ಶನಿವಾರ ಕರಿಬೇವು ತರಲು ಡಬ್ಲಿನ್‌ನ ಮೂರ್ ಸ್ಟ್ರೀಟ್‌ಗೆ ಹೋಗಿದ್ದೆ. ವಾಪಸ್ ಬರುವಾಗ ಓಕಾನಲ್ ಸ್ಟ್ರೀಟ್ ತುಂಬಾ ವಲಸಿಗರ ವಿರುದ್ಧದ ಮೆರವಣಿಗೆ. ಬಸ್ಸುಗಳೆಲ್ಲ ಬೇರೆ ದಾರಿ. ಹಸಿರು, ಬಿಳಿ, ಕಿತ್ತಳೆ ಬಾವುಟಗಳು. 'ಐರ್ಲೆಂಡ್ ಈಸ್ ಫುಲ್' ಅನ್ನುವ ಬೋರ್ಡುಗಳು. ನನ್ನ ಪಕ್ಕದಲ್ಲೇ ಒಬ್ಬ ಹುಡುಗ, ಇಪ್ಪತ್ತು ದಾಟಿರಬೇಕು ಅಷ್ಟೇ. ಟೀ ಶರ್ಟ್ ಮೇಲೆ ಮೂರು ಸುರುಳಿಯ ಚಿತ್ರ, ಅದರ ಕೆಳಗೆ 'ಐದು ಸಾವಿರ ವರ್ಷಗಳಿಂದ ನಮ್ಮದು'.

ಬೋರ್ಡುಗಳು ನನಗೆ ಹೊಸದಲ್ಲ. 2023ರ ನವೆಂಬರ್‌ನಲ್ಲಿ ವಲಸಿಗರ ವಿರುದ್ಧದ ಗಲಭೆಯಲ್ಲಿ ಇದೇ ಸುತ್ತಮುತ್ತ ಬಸ್ಸು, ಟ್ರಾಮ್ ಸುಟ್ಟಾಗಲೂ ನಾನು ಡಬ್ಲಿನ್‌ನಲ್ಲೇ ಇದ್ದೆ. ಆದರೆ ಆ ಸುರುಳಿ ನೋಡಿ ಮಾತ್ರ ಮೈ ಉರಿಯಿತು. ಅದು ನ್ಯೂಗ್ರೇಂಜ್‌ನ ಕಲ್ಲಿನ ಮೇಲಿರುವ ಸುರುಳಿ.

ನನ್ನ ನ್ಯೂಗ್ರೇಂಜ್ ಹುಚ್ಚು ನಿಮಗೆ ಗೊತ್ತೇ ಇದೆ. ಫೋಟೋ ಹಾಕಿ ಹಾಕಿ ತಲೆ ತಿಂದಿದ್ದೇನೆ. ಬಾಯ್ನ್ ನದಿಯ ದಂಡೆಯಲ್ಲಿರುವ ಗೋರಿ ಅದು. ಕ್ರಿ.ಪೂ. 3200ರ ಹೊತ್ತಿಗೆ ಕಟ್ಟಿದ್ದು, ಗೀಜಾದ ಪಿರಮಿಡ್ಡಿಗಿಂತ ಹಳೆಯದು. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಳಗಿನ ಬಿಸಿಲು ಬಾಗಿಲ ಮೇಲಿನ ಕಿಂಡಿಯಿಂದ ನುಗ್ಗುತ್ತದೆ. 19 ಮೀಟರ್ ಉದ್ದದ ಓಣಿ ದಾಟಿ ಒಳಕೋಣೆ ಮುಟ್ಟುತ್ತದೆ. ಸುಮಾರು 17 ನಿಮಿಷ. ಆಮೇಲೆ ಮತ್ತೆ ಕತ್ತಲೆ. ಅದನ್ನು ಒಳಗೆ ನಿಂತು ನೋಡಲು ಲಾಟರಿ ಹೊಡೆಯಬೇಕು. ನನಗೆ ಇವತ್ತಿಗೂ ಹೊಡೆದಿಲ್ಲ.

ಇದನ್ನು ಕಟ್ಟಿದವರು ಯಾರು? ಹಳೆಯ ಮೂಳೆಗಳ ಡಿಎನ್‌ಎ ತೆಗೆದು ನೋಡಿದ್ದಾರೆ. ಅವರ ಹಿರಿಯರು ಈಗಿನ ಟರ್ಕಿ ಕಡೆಯಿಂದ ತಲೆಮಾರುಗಳ ಕಾಲ ಸರಿಯುತ್ತಾ ಬಂದ ರೈತರು. ಆಮೇಲೆ, ಕಂಚಿನ ಯುಗದಲ್ಲಿ, ಇನ್ನೊಂದು ಜನ ಬಂದು ಸೇರಿದರು. ಅವರ ಬೇರು ಪೂರ್ವ ಯುರೋಪಿನ ಹುಲ್ಲುಗಾವಲಿನಲ್ಲಿತ್ತು. ಈಗಿನ ಐರಿಶ್ ಜನರ ರಕ್ತದಲ್ಲಿ ಜಾಸ್ತಿ ಇರುವುದು ಈ ಎರಡನೆಯವರದ್ದು. ಗೋರಿ ಕಟ್ಟಿದವರ ವಂಶ ಬಹುಪಾಲು ಅಳಿಸಿಹೋಗಿದೆ. ಅಂದರೆ ಟೀ ಶರ್ಟಿನ ಹುಡುಗನೂ ಆ ಗೋರಿಗೆ ಬಾಡಿಗೆದಾರನೇ. ಸ್ವಲ್ಪ ಹಳೆಯ ಬಾಡಿಗೆದಾರ, ಅಷ್ಟೇ.

ಡಿಎನ್‌ಎ ಬೇಡವಾದರೆ ಅವರದೇ ಪುರಾಣ ಕೇಳಲಿ. ಪಾರ್ಥಲೋನ್ ಬಂದ, ನೆಮೆಡ್ ಬಂದ, ಫಿರ್ ಬೋಲ್ಗ್ ಬಂದರು, ಟುವಾಹಾ ಡೇ ಡಾನನ್ ಬಂದರು, ಕೊನೆಗೆ ಸ್ಪೇನ್ ಕಡೆಯಿಂದ ಮಿಲೀಷಿಯನ್ನರು ಬಂದರು. ಇಡೀ ಪುರಾಣವೇ ದೋಣಿ ಇಳಿದವರ ಹಾಜರಿ ಪುಸ್ತಕ!

ಇನ್ನು 'ಫುಲ್' ಅಂತೆ. 1841ರ ಜನಗಣತಿಯಲ್ಲಿ ಈಗಿನ ಗಣರಾಜ್ಯದ 26 ಕೌಂಟಿಗಳಲ್ಲಿ 65 ಲಕ್ಷ ಜನ ಇದ್ದರು. 2022ರಲ್ಲಿ 51 ಲಕ್ಷ. ನಡುವೆ ಬರಗಾಲ ಬಂತು. ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟು ಜನ ಹಡಗು ಹತ್ತಿದರು. ಜಗತ್ತೆಲ್ಲ ಹೋಗಿ 'ನಮಗೂ ಒಂದು ಜಾಗ ಕೊಡಿ' ಅಂದವರ ಮೊಮ್ಮಕ್ಕಳಿಗೆ ಈಗ ಊರು ಭರ್ತಿಯಾಗಿಬಿಟ್ಟಿದೆ.

ಮನೆ ಸಿಗುತ್ತಿಲ್ಲ, ಬಾಡಿಗೆ ಆಕಾಶ ಮುಟ್ಟಿದೆ, ಹಳ್ಳಿಯಲ್ಲಿದ್ದ ಒಂದೇ ಹೋಟೆಲನ್ನು ಯಾರನ್ನೂ ಕೇಳದೆ ನಿರಾಶ್ರಿತರ ಆಶ್ರಯ ಕೇಂದ್ರ ಮಾಡುತ್ತಾರೆ, ಅದು ತಪ್ಪಲ್ವಾ ಅಂತ ಕೇಳುತ್ತೀರಿ. ತಪ್ಪು, ಒಪ್ಪಿದೆ. ಬಾಡಿಗೆ ಕಟ್ಟುವಾಗ ನಾನೂ ಬೈದುಕೊಳ್ಳುತ್ತೇನೆ. ಆದರೆ 2008ರಲ್ಲಿ ಬ್ಯಾಂಕು ಮುಳುಗಿದ ಮೇಲೆ ವರ್ಷಗಟ್ಟಲೆ ಮನೆ ಕಟ್ಟುವುದನ್ನೇ ನಿಲ್ಲಿಸಿದವರು ಯಾರು? 2024ರ ವಸಂತದಲ್ಲಿ ಮೌಂಟ್ ಸ್ಟ್ರೀಟ್‌ನ ಫುಟ್‌ಪಾತ್ ಮೇಲೆ ಟೆಂಟ್ ಹಾಕಿಕೊಂಡು ಮಲಗಿದ್ದ ನಿರಾಶ್ರಿತರೇ? ಆಶ್ರಯ ಕೇಂದ್ರದಲ್ಲಿರುವ ದೊಡ್ಡವರಿಗೆ ವಾರಕ್ಕೆ 38.80 ಯೂರೋ ಕೊಡುತ್ತಿದ್ದರು. ಆ ದುಡ್ಡಿನಲ್ಲಿ ಡಬ್ಲಿನ್‌ನ ಮನೆಗಳನ್ನೆಲ್ಲ ಅವರೇ ಕೊಂಡುಕೊಂಡರು ಅನ್ನಿ.

ಪರಂಪರೆ ಹಾಳಾಗುತ್ತಿದೆ ಅನ್ನುವವರಿಗೂ ಒಂದು ಪ್ರಶ್ನೆ. ಹಳೆಯ ರಾಜರ ತಾರಾ ಗುಡ್ಡದ ಪಕ್ಕದ ಕಣಿವೆಯಲ್ಲಿ ಎಂ3 ಮೋಟರ್‌ವೇ ಎಳೆದು 2010ರಲ್ಲಿ ಟೇಪ್ ಕತ್ತರಿಸಿದ್ದು ಯಾವ ನಿರಾಶ್ರಿತ?

ನನ್ನ ಕರಿಬೇವಿನ ಮೂರ್ ಸ್ಟ್ರೀಟ್ ಇದೆಯಲ್ಲ, ಬ್ರಿಟಿಷರ ವಿರುದ್ಧದ 1916ರ ದಂಗೆಯ ನಾಯಕರು ಶರಣಾಗಲು ತೀರ್ಮಾನಿಸಿದ್ದು ಅಲ್ಲಿನ 16ನೇ ನಂಬರಿನ ಮನೆಯಲ್ಲಿ. ಅವರಲ್ಲಿ ಜೇಮ್ಸ್ ಕಾನಲಿ ಹುಟ್ಟಿದ್ದು ಎಡಿನ್‌ಬರೋದಲ್ಲಿ. ಟಾಮ್ ಕ್ಲಾರ್ಕ್ ಇಂಗ್ಲೆಂಡಿನಲ್ಲಿ. ಅದೇ ದಂಗೆಯಲ್ಲಿ ಊರಿನ ಇನ್ನೊಂದು ಭಾಗದಲ್ಲಿ ಪಡೆ ನಡೆಸಿದ್ದ ಡಿ ವಲೇರಾ ನ್ಯೂಯಾರ್ಕ್‌ನಲ್ಲಿ. ಇವರ ಹೆಸರು ಹಿಡಿದುಕೊಂಡೇ ಮೆರವಣಿಗೆಯವರು 'ಹುಟ್ಟಿದ ಊರಿಗೆ ವಾಪಸ್ ಹೋಗಿ' ಅಂತ ಕೂಗುತ್ತಾರೆ!

ಚುನಾವಣೆಯಲ್ಲಿ ಈ ಮೆರವಣಿಗೆಯವರ ಬೇಳೆ ಬೇಯುವುದಿಲ್ಲ ಅಂತ ನಾನೂ ಆರಾಮಾಗಿದ್ದೆ. 2024ರ ಜೂನ್‌ನಲ್ಲಿ ಸ್ಥಳೀಯ ಚುನಾವಣೆ ಆಯಿತು. ಅದರಲ್ಲಿ ಪೌರತ್ವ ಇಲ್ಲದ ನನಗೂ ವೋಟಿದೆ. ಅಭ್ಯರ್ಥಿಗಳ ಹೆಸರಿನ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆದು ಬಂದೆ. ಆಗ ಇವರ ಕಡೆಯ ಕೆಲವರು ಕೌನ್ಸಿಲ್‌ಗಳಿಗೆ ಗೆದ್ದು ಬಂದರು. ನವೆಂಬರ್‌ನಲ್ಲಿ 174 ಸೀಟಿನ ಡಾಯ್ಲ್‌ಗೆ, ಅಂದರೆ ಸಂಸತ್ತಿನ ಕೆಳಮನೆಗೆ, ಮಾತ್ರ ನ್ಯಾಷನಲ್ ಪಾರ್ಟಿ, ಐರಿಶ್ ಫ್ರೀಡಂ ಪಾರ್ಟಿಯಂಥವರಿಂದ ಒಬ್ಬರೂ ಗೆಲ್ಲಲಿಲ್ಲ. ಆದರೆ 2025ರ ಅಧ್ಯಕ್ಷ ಚುನಾವಣೆಯಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ವೋಟು ಕುಲಗೆಟ್ಟವು. ಎಲ್ಲವೂ ಇವರದ್ದಲ್ಲ. ಆದರೆ ಬೇಕಂತಲೇ ವೋಟು ಹಾಳು ಮಾಡಿ ಅಂತ ಇವರು ಕರೆ ಕೊಟ್ಟಿದ್ದರು. ಅವತ್ತಿನಿಂದ ನನ್ನ ಆರಾಮ ಹೋಗಿದೆ.

ಒಂದು ವಿಷಯ ಹೇಳದೇ ಬಿಟ್ಟರೆ ಸುಳ್ಳಾಗುತ್ತದೆ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನ ಟಾಲಾದಲ್ಲಿ ಭಾರತೀಯನೊಬ್ಬನನ್ನು ಬಟ್ಟೆ ಬಿಚ್ಚಿ ಹೊಡೆದರು. ಇನ್ನೂ ಕೆಲವು ಹಲ್ಲೆಗಳಾದವು. ಹುಷಾರಾಗಿರಿ ಅಂತ ನಮ್ಮ ರಾಯಭಾರ ಕಚೇರಿಯೇ ಹೇಳಿತು. ಆಗ ವಾಟ್ಸಾಪ್ ಗುಂಪಿನಲ್ಲಿ ಒಂದೇ ರಾಗ: 'ನಾವು ಲೀಗಲ್, ನಾವು ಟ್ಯಾಕ್ಸ್ ಕಟ್ಟುವವರು, ನಾವು ಆ ಟೆಂಟಿನವರಲ್ಲ.' ನಾನೂ ಅದನ್ನೇ ಟೈಪ್ ಮಾಡಿದ್ದೆ. ಹೊಡೆಯುವವನು ವೀಸಾ ನೋಡಿ ಹೊಡೆಯುತ್ತಾನೆ ಅಂದುಕೊಂಡಿದ್ದೆನೇನೋ. ಅದಕ್ಕೂ ಮುಂಚೆ, ಬೆಂಗಳೂರಿನಲ್ಲಿದ್ದಾಗ, 'ಹೊರಗಿನವರು ಬಂದು ಊರು ಕೆಡಿಸಿದರು' ಅಂತ ಗೊಣಗಿದವಳೂ ನಾನೇ. ಹಳೇ ಗೆಳತಿಯರು ಕಮೆಂಟಿನಲ್ಲಿ ನೆನಪಿಸುವ ಮೊದಲೇ ಹೇಳಿಬಿಟ್ಟಿದ್ದೇನೆ.

ಮೆರವಣಿಗೆ ಸರಿಯುವಾಗ ಆ ಹುಡುಗನ ಬಾವುಟದ ಕೋಲು ನನ್ನ ಭುಜಕ್ಕೆ ತಾಗಿತು. 'ಸಾರಿ, ಲವ್' ಅಂದು ದಾರಿ ಬಿಟ್ಟ. ನ್ಯೂಗ್ರೇಂಜ್‌ಗೆ ಯಾವತ್ತಾದರೂ ಹೋಗಿದ್ದೀಯಾ ಅಂತ ಕೇಳಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಕರಿಬೇವಿನ ಚೀಲವನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು, ತಲೆ ತಗ್ಗಿಸಿ ನಡೆದೆ. ಬಸ್‌ಸ್ಟಾಪಿಗೆ ಬಂದ ಮೇಲೆ ನೋಡಿದರೆ ಎಲೆಯೆಲ್ಲ ಮುದುಡಿಹೋಗಿತ್ತು. ಒಂದು ಸೊಪ್ಪಿನ ಚೀಲವನ್ನು ನಾನು ಯಾಕೆ ಬಚ್ಚಿಟ್ಟೆ?