ಕೈ ಎತ್ತಿದವರೇ ದೇಶಭಕ್ತರು

1942ರ ಜೂನ್ 22ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಘನಕಾರ್ಯ ಮಾಡಿತು. ಪೆಸಿಫಿಕ್‌ನಲ್ಲಿ ಜಪಾನ್, ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮರೀನುಗಳು; ಹಡಗಿನ ಮೇಲೆ ಹಡಗು ಮುಳುಗುತ್ತಿದ್ದ ಕಾಲ. ಅಂಥ ಹೊತ್ತಿನಲ್ಲೂ ಪುರುಸೊತ್ತು ಮಾಡಿಕೊಂಡು, ಧ್ವಜದ ಮುಂದೆ ದೇಶನಿಷ್ಠೆಯ ಪ್ರತಿಜ್ಞೆ ಹೇಳುವವರ ಕೈ ಎಲ್ಲಿರಬೇಕು ಎಂದು ಅದು ಕಾನೂನು ಬರೆಯಿತು. ಮೊದಲು ಬಲಗೈ ಎದೆಯ ಮೇಲೆ. 'ಧ್ವಜಕ್ಕೆ' ಎಂಬ ಮಾತು ಬಂದ ಕೂಡಲೇ ಅದೇ ಕೈ ಧ್ವಜದ ಕಡೆಗೆ ನೇರ ಚಾಚಬೇಕು, ಅಂಗೈ ಮೇಲ್ಮುಖವಾಗಿರಬೇಕು, ಪ್ರತಿಜ್ಞೆ ಮುಗಿಯುವ ತನಕ ಇಳಿಸುವಂತಿಲ್ಲ.

ಈಗ ಒಂದು ಹೈಸ್ಕೂಲಿನ ಬೆಳಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಲಾಸಿನ ಮಕ್ಕಳೆಲ್ಲ ಡೆಸ್ಕಿನ ಪಕ್ಕ ಎದ್ದು ನಿಂತು ಬಲಗೈ ಚಾಚಿದ್ದಾರೆ. ಹದಿನಾರರ ಹುಡುಗನಿಗೆ ಅಂಗೈಯನ್ನು ಮೇಲ್ಮುಖ ಮಾಡಿ ಹಿಡಿದಿರುವ ವ್ಯವಧಾನ ಎಲ್ಲಿಯದು? ಎರಡನೇ ಸಾಲಿಗೆ ಬರುವಷ್ಟರಲ್ಲಿ ಅದು ನೆಲ ನೋಡುತ್ತಿರುತ್ತದೆ. ಟಾಕೀಸಿನ ನ್ಯೂಸ್‌ರೀಲಿನಲ್ಲಿ ಬರ್ಲಿನ್ನಿನ ಜನ ಒಬ್ಬ ಮೀಸೆಯವನ ಮುಂದೆ ಹೀಗೇ ನಿಂತಿರುವುದನ್ನು ಈ ಹುಡುಗರೂ ನೋಡಿದವರೇ. ಹೋಲಿಕೆ ಹಿಂದಿನ ಬೆಂಚಿಗೂ ಹೊಳೆದಿತ್ತು. ಹೊಳೆಯದೆ ಇದ್ದದ್ದು ಮುಂದೆ ಕುರ್ಚಿ ಹಾಕಿಕೊಂಡು ಕೂತವರಿಗೆ.

ನ್ಯಾಯವಾಗಿ ಹೇಳಬೇಕೆಂದರೆ ಇದು ಹಿಟ್ಲರನಿಂದ ಕದ್ದ ಮಾಲಲ್ಲ. ಫ್ರಾನ್ಸಿಸ್ ಬೆಲ್ಲಮಿ ಎಂಬಾತ ಈ ಪ್ರತಿಜ್ಞೆ ಬರೆದದ್ದು 1892ರಲ್ಲಿ. ಹಿಟ್ಲರನಿಗೆ ಆಗ ಮೂರು ವರ್ಷ. ಬರೆಸಿದ್ದು ಒಂದು ಮಕ್ಕಳ ಪತ್ರಿಕೆ. ಆ ಪತ್ರಿಕೆ ಶಾಲೆಗಳಿಗೆ ಧ್ವಜ ಮಾರುವ ವ್ಯಾಪಾರವನ್ನೂ ನಡೆಸುತ್ತಿತ್ತು. ಭಕ್ತಿ ಬೆಳೆದಷ್ಟೂ ಬಟ್ಟೆ ಖರ್ಚಾಗುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

ವೆಸ್ಟ್ ವರ್ಜೀನಿಯಾದ ಶಿಕ್ಷಣ ಮಂಡಳಿ ಕಾಂಗ್ರೆಸ್ಸಿಗಿಂತಲೂ ಚುರುಕು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದ ತಿಂಗಳೊಪ್ಪತ್ತಿನಲ್ಲೇ, 1942ರ ಜನವರಿ 9ರಂದು, ಶಾಲೆಯಲ್ಲಿ ಮೇಷ್ಟ್ರೂ ಮಕ್ಕಳೂ ಕೈ ಚಾಚಿ ವಂದಿಸಲೇಬೇಕು, ಒಲ್ಲೆ ಎನ್ನುವುದು ಅವಿಧೇಯತೆ ಎಂದು ಠರಾವು ಮಾಡಿತು. 'ಇದು ಹಿಟ್ಲರನದರ ಹಾಗೇ ಕಾಣುತ್ತದಲ್ಲ' ಎಂದು ಪೋಷಕರ ಸಂಘ, ಸ್ಕೌಟ್ಸ್, ರೆಡ್ ಕ್ರಾಸ್, ಮಹಿಳಾ ಕ್ಲಬ್ಬುಗಳ ಒಕ್ಕೂಟ ಎಲ್ಲ ಆಕ್ಷೇಪ ಎತ್ತಿದವು. ದೊಡ್ಡವರು ಹೇಳಿದ ಮೇಲೆ ಕೇಳದಿರಲಾಗುತ್ತದೆಯೇ, ಮಂಡಳಿ ಅಲ್ಪಸ್ವಲ್ಪ ತಿದ್ದಿತು. ಯೆಹೋವನ ಸಾಕ್ಷಿಗಳು ಎಂಬ ಪಂಥದ ಮಕ್ಕಳೂ ಒಂದು ಮಾತು ಹೇಳಿದರು: ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ವಂದಿಸುವುದು ನಮ್ಮಲ್ಲಿ ನಿಷಿದ್ಧ, ಧ್ವಜವನ್ನು ಗೌರವಿಸುತ್ತೇವೆಂದು ಬೇರೊಂದು ಪ್ರತಿಜ್ಞೆ ಬೇಕಾದರೆ ಹೇಳುತ್ತೇವೆ. ಅವರಿಗೆ ಮಾತ್ರ ಯಾವ ರಿಯಾಯಿತಿಯೂ ಸಿಗಲಿಲ್ಲ.

ಮುಂದಿನದನ್ನು ನೋಡಿದರೆ ನಮ್ಮ ಯಾವ ತಾಲ್ಲೂಕು ಕಚೇರಿಯಾದರೂ ನಾಚಿ ತಲೆತಗ್ಗಿಸಬೇಕು. ಕೈ ಎತ್ತದ ಮಗುವನ್ನು ಶಾಲೆಯಿಂದ ಹೊರಗೆ ಹಾಕುವುದು. ಕೈ ಎತ್ತುವ ತನಕ ಮತ್ತೆ ಸೇರಿಸಿಕೊಳ್ಳದಿರುವುದು. ಹೊರಗಿರುವ ಮಗು ಸಹಜವಾಗಿಯೇ ಶಾಲೆಗೆ ಬರುತ್ತಿಲ್ಲ, ಆದ್ದರಿಂದ ಅದು ಅಕ್ರಮ ಗೈರುಹಾಜರಿ. ಅಕ್ರಮ ಗೈರುಹಾಜರಿ ಅಂದಮೇಲೆ ಮಗು ಬಾಲಾಪರಾಧಿ. ಹೆತ್ತವರಿಗೆ 50 ಡಾಲರ್‌ವರೆಗೆ ದಂಡ, 30 ದಿನದವರೆಗೆ ಜೈಲು.

"ಮಗಳನ್ನು ಯಾಕಯ್ಯಾ ಶಾಲೆಗೆ ಕಳಿಸುತ್ತಿಲ್ಲ?"

"ನೀವೇ ಹೊರಗೆ ಹಾಕಿದ್ದೀರಲ್ಲ ಸ್ವಾಮಿ."

"ಹೊರಗೆ ಹಾಕುವುದು ನಮ್ಮ ಕೆಲಸ, ಮಾಡಿದ್ದೇವೆ. ಕಳಿಸುವುದು ನಿನ್ನ ಕೆಲಸ, ಮಾಡಿಲ್ಲ. ನಡಿ."

ಈ ಸಂಭಾಷಣೆ ನನ್ನ ಕಲ್ಪನೆ. ಕಾನೂನು ಮಾತ್ರ ಅಪ್ಪಟ ನಿಜ.

ಅತ್ತ ಕಾಂಗ್ರೆಸ್ಸಿಗೆ ತಡವಾಗಿಯಾದರೂ ನ್ಯೂಸ್‌ರೀಲ್ ಕಣ್ಣಿಗೆ ಬಿತ್ತೋ ಏನೋ, ಆರು ತಿಂಗಳಿಗೆ ಸರಿಯಾಗಿ ಡಿಸೆಂಬರ್ 22ರಂದು ಕಾನೂನು ತಿದ್ದಿ, ಕೈ ಎದೆಯ ಮೇಲಿದ್ದರೆ ಸಾಕು ಎಂದಿತು. ಹೊರಗೆ ಹಾಕಿಸಿಕೊಂಡ ಮಕ್ಕಳು ಹೊರಗೇ ಇದ್ದರು.

ಕೈ ಎತ್ತಿ ಒಳಗೆ ಉಳಿದವರ ದಿನಚರಿಯೂ ಕಮ್ಮಿಯದಲ್ಲ. 1942ರ ಸೆಪ್ಟೆಂಬರಿನಲ್ಲಿ 'ಹೈಸ್ಕೂಲ್ ವಿಕ್ಟರಿ ಕೋರ್' ಹುಟ್ಟಿತು. ಅದರ ನೀತಿ ಸಮಿತಿಗೆ ಅಧ್ಯಕ್ಷ ಮೊದಲ ಮಹಾಯುದ್ಧದ ವಿಮಾನವೀರ ಎಡ್ಡಿ ರಿಕನ್‌ಬ್ಯಾಕರ್. ಭೂ, ಜಲ, ವಾಯು, ಉತ್ಪಾದನೆ, ಸಮಾಜಸೇವೆ ಎಂದು ಐದು ವಿಭಾಗ. ಮಕ್ಕಳ ತಲೆಗೆ ಟೋಪಿ, ತೋಳಿಗೆ ಬಿಲ್ಲೆ. ಮರಗೆಲಸದ ಕ್ಲಾಸಿನಲ್ಲಿ ಸ್ಟೂಲು ಮಾಡುತ್ತಿದ್ದವರು ಈಗ ನೌಕಾಪಡೆಗಾಗಿ ವಿಮಾನದ ಮಾದರಿ ಕೆತ್ತತೊಡಗಿದರು. ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಅಳತೆ, ಮೈತುಂಬ ಕಪ್ಪು ಬಣ್ಣ. ಆಕಾಶದಲ್ಲಿ ಹೋಗುತ್ತಿರುವುದು ನಮ್ಮದೋ ವೈರಿಯದೋ ಎಂದು ಗುರುತಿಸಲು ಸೈನಿಕರು ಇವನ್ನು ನೋಡಿ ಕಲಿಯಬೇಕು. ನೌಕಾಪಡೆ ಕೇಳಿದ್ದು 5 ಲಕ್ಷ. ಇದರ ಬಗ್ಗೆ ನನಗೆ ತಕರಾರಿಲ್ಲ, ಬೀಜಗಣಿತಕ್ಕಿಂತ ಇದೇ ವಾಸಿ ಎಂದು ಹುಡುಗರಿಗೂ ಅನ್ನಿಸಿದ್ದೀತು.

ಯುದ್ಧದ ಖರ್ಚಿಗೆಂದು ಸರಕಾರ ಮಾರುತ್ತಿದ್ದ ಸ್ಟಾಂಪುಗಳದ್ದು ಇನ್ನೊಂದು ಕತೆ. 10 ಸೆಂಟಿನದು, 25 ಸೆಂಟಿನದು. 25ರದ್ದು 75 ಸ್ಟಾಂಪನ್ನು ಆಲ್ಬಮ್ಮಿಗೆ ಅಂಟಿಸಿದರೆ 18 ಡಾಲರ್ 75 ಸೆಂಟಿನ ಬಾಂಡ್. ಹತ್ತು ವರ್ಷ ಕಾದರೆ 25 ಡಾಲರ್. ಶಾಲೆಯ ನೂರಕ್ಕೆ 90 ಮಕ್ಕಳು ಕೊಂಡರೆ ಶಾಲೆಯ ಕಂಬಕ್ಕೆ ಒಂದು ವಿಶೇಷ ಧ್ವಜ. ಉಳಿದ ಹತ್ತು ಮಕ್ಕಳ ಮನೆಯಲ್ಲಿ ಕೊರತೆ ಇದ್ದದ್ದು ಭಕ್ತಿಗೋ ಬಿಡಿಗಾಸಿಗೋ ಎಂದು ಕಂಬ ಕೇಳುವುದಿಲ್ಲ, ಪಕ್ಕದ ಬೆಂಚಿನವರು ಕೇಳುತ್ತಾರೆ.

1942ರ ನವೆಂಬರಿನಲ್ಲಿ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುವ ವಯಸ್ಸು 18ಕ್ಕೆ ಇಳಿಯಿತು. ಓಟು ಹಾಕುವ ವಯಸ್ಸು 21ರಲ್ಲೇ ಇತ್ತು. ಬಾಂಬರ್ ಓಡಿಸಲು ಬೇಕಾದ ಬುದ್ಧಿ ಹದಿನೆಂಟಕ್ಕೇ ಬರುತ್ತದೆ, ಊರಿನ ಮೇಯರನನ್ನು ಆರಿಸುವ ಬುದ್ಧಿಗೆ ಇನ್ನೂ ಮೂರು ವರ್ಷ ಬೇಕು. ಜಾರ್ಜಿಯಾ ರಾಜ್ಯ 1943ರಲ್ಲೇ ಇದನ್ನು ಸರಿ ಮಾಡಿಕೊಂಡಿತು. ದೇಶಕ್ಕೆಲ್ಲ ಬುದ್ಧಿ ಬಂದದ್ದು 1971ರಲ್ಲಿ.

ಆದರೆ ಪ್ರತಿಜ್ಞೆಯ ನಿಜವಾದ ರುಚಿ ಗೊತ್ತಾಗಬೇಕಾದರೆ ಮಾಂಝನಾರ್, ಟೋಪಾಜ್, ಹಾರ್ಟ್ ಮೌಂಟನ್ ಎಂಬ ಬಂಧನ ಶಿಬಿರಗಳ ಹೈಸ್ಕೂಲುಗಳಿಗೆ ಹೋಗಬೇಕು. ಬಾಂಬ್ ಹಾಕಿದ್ದು ಟೋಕಿಯೋದವರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಸಹಿ ಹಾಕಿದ ಆದೇಶದಡಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಸುಮಾರು 1 ಲಕ್ಷ 20 ಸಾವಿರ ಜನ, ಮೂವರಲ್ಲಿ ಇಬ್ಬರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮೊದಲು ಕೆಲವರ ವಾಸ ಸಾಂಟಾ ಅನಿಟಾ, ಟಾನ್‌ಫೊರಾನ್‌ನಂಥ ರೇಸ್ ಕೋರ್ಸುಗಳ ಕುದುರೆ ಲಾಯದಲ್ಲಿ. ಆಮೇಲೆ ಮರುಭೂಮಿಯ ಬ್ಯಾರಕ್ಕುಗಳು, ಮುಳ್ಳುತಂತಿ, ಕಾವಲುಗೋಪುರ. ಮಾಂಝನಾರಿನಲ್ಲಿ ಶಾಲೆ ಶುರುವಾದಾಗ ಬೆಂಚಿಲ್ಲ, ಡೆಸ್ಕಿಲ್ಲ. ಮಕ್ಕಳು ನೆಲದ ಮೇಲೆ ಕೂತರು, ಹಲಗೆಯ ಸಂದಿಯಿಂದ ಧೂಳು ಒಳಗೆ ಬಂದು ಹಾಜರಿ ಹಾಕಿತು. ಬೆಂಚಿಲ್ಲದಿದ್ದರೂ ಪ್ರತಿಜ್ಞೆ ತಪ್ಪಲಿಲ್ಲ. 'ಸರ್ವರಿಗೂ ಸ್ವಾತಂತ್ರ್ಯ, ಸರ್ವರಿಗೂ ನ್ಯಾಯ' ಎಂದು ಮಕ್ಕಳು ಹೇಳಬೇಕು, ಗೋಪುರದ ಮೇಲೆ ಬಂದೂಕು ಹಿಡಿದವನು ನೋಡಿಕೊಳ್ಳಬೇಕು.

ಹಾರ್ಟ್ ಮೌಂಟನ್ ಹೈಸ್ಕೂಲಿನ ಫುಟ್‌ಬಾಲ್ ತಂಡಕ್ಕೆ ಇಟ್ಟ ಹೆಸರು ಈಗಲ್ಸ್, ಅಂದರೆ ಅಮೆರಿಕದ ರಾಷ್ಟ್ರಲಾಂಛನದ ಹದ್ದು. ಬೇಲಿಯೊಳಗಿನ ಹದ್ದು. ತಂಡ ಒಳ್ಳೆಯದಿತ್ತು, ಸುತ್ತಲಿನ ಶಾಲೆಯವರು ಬೇಲಿಯೊಳಗೆ ಬಂದು ಸೋತು ಹೋಗುತ್ತಿದ್ದರು. 1944ರಲ್ಲಿ ಸರಕಾರ ಅದೇ ಬ್ಯಾರಕ್ಕುಗಳ ಯುವಕರಿಗೆ 'ದೇಶ ರಕ್ಷಿಸಲು ಬನ್ನಿ' ಎಂದು ಸೈನ್ಯದ ನೋಟಿಸು ಕಳಿಸಿತು. ಬಹಳ ಮಂದಿ ಹೋದರು. 'ಮೊದಲು ನಮ್ಮ ಅಪ್ಪ ಅಮ್ಮನನ್ನು ಬಿಡಿ, ಆಮೇಲೆ ಬರುತ್ತೇವೆ' ಎಂದ ಹಾರ್ಟ್ ಮೌಂಟನ್ನಿನ 63 ಜನರಿಗೆ ಮೂರು ಮೂರು ವರ್ಷ ಜೈಲಾಯಿತು.

ಈ ನಡುವೆ ಕೈ ಎತ್ತದ ಮಕ್ಕಳ ಕೇಸು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ತಲುಪಿತ್ತು. ಅದೇ ಕೋರ್ಟು 1940ರಲ್ಲಿ, ಎಂಟು ಜನ ಒಂದು ಕಡೆ, ಒಬ್ಬರೇ ಒಂದು ಕಡೆ ಆಗಿ, ಶಾಲೆ ವಂದನೆಯನ್ನು ಕಡ್ಡಾಯ ಮಾಡಬಹುದು ಎಂದಿತ್ತು. ಮೂರೇ ವರ್ಷಕ್ಕೆ, 1943ರ ಜೂನ್ 14ರಂದು, ಅಂದರೆ ಅವರ ಧ್ವಜ ದಿನದಂದೇ, ಮಾತು ತಿರುಗಿಸಿತು. ರಾಜಕೀಯ, ದೇಶಭಕ್ತಿ, ಧರ್ಮದ ವಿಷಯದಲ್ಲಿ ಪ್ರಜೆ ಏನು ನಂಬಬೇಕೆಂದು ಯಾವ ದೊಡ್ಡ ಅಧಿಕಾರಿಯೂ ಯಾವ ಚಿಕ್ಕ ಅಧಿಕಾರಿಯೂ ಅಪ್ಪಣೆ ಕೊಡಿಸುವಂತಿಲ್ಲ, ಬಲವಂತದ ಒಮ್ಮತ ಕಡೆಗೆ ಸ್ಮಶಾನದ ಒಮ್ಮತವಾಗುತ್ತದೆ ಎಂಬರ್ಥದಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಕೇರಳದ ಶಾಲೆಯೊಂದು ರಾಷ್ಟ್ರಗೀತೆಗೆ ಎದ್ದು ನಿಂತೂ ಹಾಡಲಿಲ್ಲವೆಂದು ಇದೇ ಪಂಥದ ಮೂರು ಮಕ್ಕಳನ್ನು ಹೊರಹಾಕಿದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಚಿನ್ನಪ್ಪ ರೆಡ್ಡಿಯವರು ಈ ತೀರ್ಪನ್ನು ನೆನೆದೇ ಮಕ್ಕಳನ್ನು ವಾಪಸ್ ಸೇರಿಸಿದರು. ಅಷ್ಟು ಒಳ್ಳೆಯ ತೀರ್ಪು.

ಒಂದು ವಾರ ಕಳೆಯಿತು. ಜೂನ್ 21. ಅದೇ ಕೋರ್ಟು, ಅದೇ ನ್ಯಾಯಮೂರ್ತಿಗಳು, ಜಾಕ್ಸನ್ ಅವರೂ ಸೇರಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗಾರ್ಡನ್ ಹಿರಾಬಯಾಶಿ ಶಾಲೆಯಲ್ಲಿ ಕಲಿತ ಸಂವಿಧಾನವನ್ನು ಅಕ್ಷರಶಃ ನಂಬಿದವನು. ಜಪಾನಿ ಮೂಲದವರು ರಾತ್ರಿ ಎಂಟರ ಮೇಲೆ ಮನೆಯಿಂದ ಹೊರಗಿರಬಾರದು ಎಂಬ ಆಜ್ಞೆಯನ್ನು ಬೇಕೆಂದೇ ಮುರಿದಿದ್ದ. ಆಜ್ಞೆ ಸರಿಯಾಗಿಯೇ ಇದೆ ಎಂದು ಕೋರ್ಟು ಒಕ್ಕೊರಲಿನಿಂದ ಹೇಳಿತು. ಒಮ್ಮತದ ಬಗ್ಗೆ ಹಿಂದಿನ ವಾರ ಬರೆದದ್ದರ ಶಾಯಿ ಇನ್ನೂ ಒಣಗಿರಲಿಲ್ಲ.

ಶಿಕ್ಷೆ ಅನುಭವಿಸಲು ಅವನು ಅರಿಝೋನಾದ ಕೈದಿಗಳ ಶಿಬಿರಕ್ಕೆ ಹೋಗಬೇಕಿತ್ತು. ಅಲ್ಲಿಗೆ ಕಳಿಸಲು ಸರಕಾರದ ಬಳಿ ದುಡ್ಡಿಲ್ಲ ಎಂದರು. ಹುಡುಗ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈ ಮಾಡಿಕೊಂಡು, ಅವರಿವರ ಕಾರಿನಲ್ಲಿ ಕೂತು, ತಾನೇ ಜೈಲು ಹುಡುಕಿಕೊಂಡು ಟೂಸಾನ್ ತಲುಪಿದ. ಅಲ್ಲಿನ ಮಾರ್ಷಲ್‌ಗೆ ಇವನ ಕಾಗದಪತ್ರವೇ ಸಿಗಲಿಲ್ಲ. ಮನೆಗೆ ಹೋಗು ಎಂದರೆ ಈತ ಒಪ್ಪಲಿಲ್ಲ. ಕಡೆಗೆ, ನಾವು ಹುಡುಕುತ್ತಿರುತ್ತೇವೆ, ನೀನು ಹೋಗಿ ಒಂದು ಸಿನಿಮಾ ನೋಡಿಕೊಂಡು ಬಾ ಎಂದರು. ಹೊತ್ತು ಮೀರಿ ಹೊರಗಿದ್ದ ಅಪರಾಧಿಗೆ, ಇನ್ನಷ್ಟು ಹೊತ್ತು ಹೊರಗೇ ಇರಲು ಸರಕಾರದ ಅಪ್ಪಣೆ. ಅವನು ಸಿನಿಮಾ ನೋಡಿ ಬರುವಷ್ಟರಲ್ಲಿ ಕಾಗದ ಸಿಕ್ಕಿತ್ತು, ಒಳಗೆ ಹಾಕಿದರು.